ಹಾಫ್-ಲೈಫ್: ಗಾರ್ಡನ್ ಫ್ರೀಮನ್‌ನ ಮೌನ ಕಥೆಗೆ ಬಲವೋ, ಕೊರತೆಯೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

2024ರ ನವೆಂಬರಿನಲ್ಲಿ ಹಾಫ್-ಲೈಫ್ 2 ಎಂಬ ಕಂಪ್ಯೂಟರ್ ಆಟಕ್ಕೆ 20 ವರ್ಷ ತುಂಬಿದಾಗ ವಾಲ್ವ್ ಸಂಸ್ಥೆ ಅದನ್ನು ಕೆಲವು ದಿನಗಳ ಮಟ್ಟಿಗೆ ಸ್ಟೀಮ್ ಎಂಬ ತನ್ನ ಆನ್‌ಲೈನ್ ಆಟದಂಗಡಿಯಲ್ಲಿ ಉಚಿತವಾಗಿ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಆಗಲೇ ಅಕ್ಕನ ಮಗನ ಖಾತೆಗೂ ಒಂದು ಪ್ರತಿ ಸೇರಿಸಿಟ್ಟಿದ್ದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ರಜೆಗೆಂದು ನಮ್ಮ ಮನೆಗೆ ಬಂದಿರುವ ಅವನು ಕಳೆದ ವಾರ ಅದನ್ನು ತೆರೆದು, ಅರ್ಧ ಗಂಟೆ ಆಡಿ, ಮುಚ್ಚಿಬಿಟ್ಟ. ಯಾಕೆಂದು ಕೇಳಿದರೆ, "ಮಾವ, ಇದರಲ್ಲಿ ನಾನ್ಯಾರು, ಎಲ್ಲಿಗೆ ಬಂದಿದ್ದೀನಿ ಅಂತ ಯಾರೂ ಹೇಳಲ್ಲ. ಎಲ್ಲರೂ ನನ್ನ ಹತ್ತಿರ ಮಾತಾಡ್ತಾರೆ, ನಾನು ಮಾತ್ರ ಬಾಯಿಲ್ಲದವನ ಹಾಗೆ ನಿಂತಿರ್ತೀನಿ" ಎಂದ.

ನಾನು ಈ ಆಟವನ್ನು ನಾಲ್ಕು ಸಲ ಮುಗಿಸಿದ್ದೇನೆ. 1998ರ ಮೊದಲ ಹಾಫ್-ಲೈಫ್‌ನಿಂದ ಇಲ್ಲಿಯವರೆಗೆ ನಾವು ಆಡುವ ನಾಯಕ ಗಾರ್ಡನ್ ಫ್ರೀಮನ್ ಒಂದೇ ಒಂದು ಮಾತನ್ನೂ ಆಡಿಲ್ಲ ಎಂಬುದು ನನಗೆ ಯಾವತ್ತೂ ಕೊರತೆಯೆಂದು ಕಂಡಿರಲಿಲ್ಲ. ಕಟ್‌ಸೀನ್, ಅಂದರೆ ಸುಮ್ಮನೆ ನೋಡಬೇಕಾದ ಸಿನಿಮಾದಂಥ ದೃಶ್ಯ, ಹಾಕಿ ನಮ್ಮ ಕೈಯಿಂದ ಆಟವನ್ನು ಕಿತ್ತುಕೊಳ್ಳದೆ, ಗಾರ್ಡನ್‌ನ ಕಣ್ಣಿನಿಂದ ಆಚೆಗೆ ಒಮ್ಮೆಯೂ ಹೋಗದೆ ಕಥೆ ಹೇಳಿದ್ದೇ ಇದರ ಹಿರಿಮೆ ಎಂದು ನಂಬಿದವನು ನಾನು. ಆದರೆ ಹುಡುಗನ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಮೌನ ನಿಜವಾಗಿಯೂ ಕಥೆಗೆ ಬಲ ಕೊಡುತ್ತದೆಯೇ, ಅಥವಾ ಅಭ್ಯಾಸಬಲದಿಂದ ನಾವು ಅದನ್ನು ಹೊಗಳುತ್ತಿದ್ದೇವೆಯೇ? ಅವನಿಗೆ ನಾನು ಏನೆಂದು ಹೇಳಲಿ?

ಹಳೆಯ ಮೌಸ್

ಏನನ್ನೂ ಹೇಳಬೇಡಿ. ಮೊದಲ ಆಟದಿಂದ ಶುರು ಮಾಡಿಸಿ. ಎರಡನೆಯದರ ರೈಲು ನಿಲ್ದಾಣ ಅರ್ಥವಾಗಬೇಕಾದರೆ ಮೊದಲನೆಯದರ ಟ್ರಾಮ್ ಪ್ರಯಾಣ ಮನಸ್ಸಿನಲ್ಲಿರಬೇಕು.

ಕಲ್ಲುಬೆಂಚು

ಈ ವಾದವನ್ನು ನಾನು ಒಪ್ಪುವುದಿಲ್ಲ. ಎರಡನೆಯ ಆಟ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅದನ್ನು ಸವಿಯಲು ಆರು ವರ್ಷ ಹಳೆಯ ಇನ್ನೊಂದು ಆಟವನ್ನು ಮುಗಿಸಿ ಬನ್ನಿ ಎನ್ನುವುದು ಆ ಹುಡುಗನ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಅಲ್ಲದೆ ಹುಡುಗ ಹೇಳಿದ್ದರಲ್ಲಿ ನಿಜವಿದೆ. ಗಾರ್ಡನ್‌ನ ಹಳೆಯ ಗುರು ಡಾಕ್ಟರ್ ಕ್ಲೈನರ್ ಅವರ ಪ್ರಯೋಗಾಲಯದ ದೃಶ್ಯವನ್ನು ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಕಾಣೆಯಾಗಿದ್ದ ಶಿಷ್ಯ ಎದುರಿಗೆ ಬಂದು ನಿಂತಿದ್ದಾನೆ. ಅಲಿಕ್ಸ್ ಎಂಬ ಯುವತಿ, ಹಳೆಯ ಗೆಳೆಯ ಬಾರ್ನಿ, ಕ್ಲೈನರ್ ಮೂವರೂ ಸಡಗರದಿಂದ ಮಾತನಾಡುತ್ತಾರೆ. ನಾವು ಮಾತ್ರ ಮೇಜಿನ ಮೇಲಿನ ಲೋಟ, ಪೆಟ್ಟಿಗೆಗಳನ್ನು ಎತ್ತಿ ಇಳಿಸುತ್ತ ಅಲೆದಾಡುತ್ತೇವೆ. ಬಾಗಿಲು ಮುಚ್ಚಿರುತ್ತದೆ, ಅವರ ಮಾತು ಮುಗಿಯುವವರೆಗೆ ತೆರೆಯುವುದಿಲ್ಲ. ಕೈಕಾಲು ಆಡಿಸಲು ಬಿಟ್ಟ ಮಾತ್ರಕ್ಕೆ ಅದು ಕಟ್‌ಸೀನ್ ಅಲ್ಲವೆಂದು ಹೇಗೆ ಹೇಳುವುದು? ನಾಯಕ ಮಾತನಾಡುವುದಿಲ್ಲ ಎಂಬುದು ಬರೆದವರಿಗೂ ಮುಜುಗರ ತಂದಿರಬೇಕು, ಇಲ್ಲದಿದ್ದರೆ ಅಲಿಕ್ಸ್ ಬಾಯಲ್ಲಿ ಅವನು ಮಿತಭಾಷಿ ಎಂಬ ಅರ್ಥದ ಮಾತನ್ನು ಆಡಿಸುತ್ತಿರಲಿಲ್ಲ.

ರಾತ್ರಿಪಾಳಿ

ಕಲ್ಲುಬೆಂಚು ಅವರೇ, ಒಂದು ದೃಶ್ಯದಿಂದ ಇಡೀ ಪದ್ಧತಿಯನ್ನೇ ತಳ್ಳಿಹಾಕುವುದು ಸರಿಯಲ್ಲ. ಮೊದಲ ಆಟದ ಪರೀಕ್ಷಾ ಕೊಠಡಿಯನ್ನು ನೋಡಿ. ಗಾರ್ಡನ್ 27 ವರ್ಷದವನು, ಎಂಐಟಿಯಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು, ನ್ಯೂ ಮೆಕ್ಸಿಕೋದ ಬ್ಲ್ಯಾಕ್ ಮೇಸಾ ಎಂಬ ನೆಲದಡಿಯ ಸಂಶೋಧನಾ ಕೇಂದ್ರಕ್ಕೆ ಅಂದು ತಡವಾಗಿ ಬಂದವನು. ಅವನಿಗೆ ಕೊಟ್ಟ ಕೆಲಸ, ಗಾಡಿಯಲ್ಲಿಟ್ಟ ಒಂದು ಹರಳಿನ ಮಾದರಿಯನ್ನು ಕಿರಣದೊಳಕ್ಕೆ ತಳ್ಳುವುದು. ಯಂತ್ರ ಮಿತಿಮೀರಿ ಓಡುತ್ತಿದೆ ಎಂಬುದು ಮೇಲೆ ಗಾಜಿನ ಹಿಂದೆ ನಿಂತವರ ಮಾತಿನಲ್ಲೇ ಗೊತ್ತಾಗುತ್ತದೆ. ಆದರೂ ನಾವು ತಳ್ಳುತ್ತೇವೆ, ಏಕೆಂದರೆ ತಳ್ಳದೆ ಆಟ ಮುಂದುವರಿಯುವುದಿಲ್ಲ. ಗಾಡಿಯ ಹಿಂದೆ ನಿಂತು ಮುಂದಕ್ಕೆ ಹೋಗುವ ಗುಂಡಿಯನ್ನು ಒತ್ತಿಹಿಡಿದದ್ದು ನಮ್ಮದೇ ಬೆರಳು. ಅನ್ಯಲೋಕದ ಬಾಗಿಲು ಒಡೆದದ್ದಕ್ಕೆ, ಆಮೇಲೆ ಭೂಮಿ ಕಂಬೈನ್ ಎಂಬ ಅನ್ಯಲೋಕದ ಆಕ್ರಮಣಕಾರರ ಪಾಲಾದದ್ದಕ್ಕೆ ಮೂಲ ಆ ಬೆರಳೇ.

ಅಲ್ಲಿ ಗಾರ್ಡನ್ "ಇದು ಸರಿಯಿಲ್ಲ, ನಿಲ್ಲಿಸೋಣ" ಎಂದು ಒಂದು ಮಾತು ಆಡಿದ್ದರೂ ಹೊಣೆ ಅವನದಾಗುತ್ತಿತ್ತು. ಅವನು ಸುಮ್ಮನಿದ್ದುದರಿಂದ ಅದು ನನ್ನದಾಯಿತು.

ಕಲ್ಲುಬೆಂಚು

ಬೇರೆ ದಾರಿಯನ್ನೇ ಕೊಡದೆ ಹೊಣೆಯನ್ನು ಮಾತ್ರ ನನ್ನ ತಲೆಗೆ ಕಟ್ಟುವುದು ನ್ಯಾಯವೇ?

ರಾತ್ರಿಪಾಳಿ

ಕೆಲಸದ ಜಾಗದಲ್ಲಿ ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸಿ ಮಾಡಿಬಿಡುವ ಕಿರಿಯ ನೌಕರನ ಸ್ಥಿತಿಯೇ ಅದು. ಗಾರ್ಡನ್‌ಗೂ ಬೇರೆ ದಾರಿ ಇರಲಿಲ್ಲ.

ಬೆಳವಲ

ಈ ಚರ್ಚೆಯಲ್ಲಿ ನನ್ನ ಅನುಭವವೊಂದನ್ನು ಹೇಳಲೇಬೇಕೆನಿಸಿತು. ಸ್ವಲ್ಪ ಉದ್ದವಾದರೆ ಕ್ಷಮಿಸಿ.

2004ರಲ್ಲಿ ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಗಂಟೆಗೆ 15 ರೂಪಾಯಿ ಕೊಟ್ಟು ಎಂಟು ಜನ ಸೇರಿ ಕೌಂಟರ್-ಸ್ಟ್ರೈಕ್ ಆಡುತ್ತಿದ್ದೆವು. ಅದು ಹಾಫ್-ಲೈಫ್‌ನ ಮೇಲೆ ಕಟ್ಟಿದ ಮಾಡ್, ಅಂದರೆ ಮೂಲ ಆಟವನ್ನು ಬದಲಿಸಿ ಮಾಡಿದ ಇನ್ನೊಂದು ಆಟ, ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಮಳೆಗಾಲದ ಸಂಜೆ ಸಿಡಿಲು ಹೊಡೆದು ಲ್ಯಾನ್ ಸ್ವಿಚ್ ಸುಟ್ಟುಹೋಯಿತು. ಗೆಳೆಯರೆಲ್ಲ ಎದ್ದು ಹೋದರು. ಕಟ್ಟಿದ ದುಡ್ಡಿನಲ್ಲಿ ಇನ್ನೂ ಮುಕ್ಕಾಲು ಗಂಟೆ ಬಾಕಿ ಇದ್ದುದರಿಂದ ನಾನು ಉಳಿದುಕೊಂಡೆ. ಮೌಸ್ ಸರಿಯಾಗಿ ಓಡುತ್ತಿರಲಿಲ್ಲ. ಅದನ್ನು ಬೋರಲು ಹಾಕಿ, ಉಂಡೆ ತೆಗೆದು, ಒಳಗಿನ ಸಣ್ಣ ಉರುಳೆಗಳಿಗೆ ಅಂಟಿದ್ದ ಕೊಳೆಯನ್ನು ಉಗುರಿನಿಂದ ಕೆರೆದು, ಮತ್ತೆ ಜೋಡಿಸಿ, ಪರದೆಯ ಮೇಲಿದ್ದ ಇನ್ನೊಂದು ಗುರುತನ್ನು ಒತ್ತಿ ನೋಡಿದೆ. ಟ್ರಾಮ್ ಹೊರಟಿತು.

ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಅಮೆರಿಕದವರ ಇಂಗ್ಲಿಷ್ ಉಚ್ಚಾರ ಒಂದಕ್ಷರವೂ ಕಿವಿಗೆ ಹತ್ತುತ್ತಿರಲಿಲ್ಲ. ಟ್ರಾಮಿನಲ್ಲಿ ಹೆಣ್ಣುಧ್ವನಿಯೊಂದು ಏನೇನೋ ಪ್ರಕಟಣೆ ಮಾಡುತ್ತಿತ್ತು, ಅದನ್ನು ಬಿಟ್ಟುಕೊಟ್ಟು ಕಿಟಕಿಯ ಆಚೆ ನೋಡತೊಡಗಿದೆ. ಹಸಿರು ದ್ರವ ಚೆಲ್ಲಿದ ಹೊಂಡದ ಬಳಿ ಭಾರಿ ಯಂತ್ರವೊಂದು ಕೆಲಸ ಮಾಡುತ್ತಿತ್ತು. ಕಾವಲುಗಾರನೊಬ್ಬ ಮುಚ್ಚಿದ ಬಾಗಿಲನ್ನು ಬಡಿಯುತ್ತಿದ್ದ. ಇನ್ನೊಂದು ಟ್ರಾಮಿನಲ್ಲಿ ಸೂಟು ತೊಟ್ಟ, ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದ ಒಬ್ಬ ಮನುಷ್ಯ ಅಲುಗಾಡದೆ ನಿಂತಿದ್ದ. ಇದು ನೆಲದ ಆಳದಲ್ಲಿರುವ ದೊಡ್ಡ ಕಾರ್ಖಾನೆ, ಇಲ್ಲಿ ಅಪಾಯದ ಕೆಲಸ ನಡೆಯುತ್ತಿದೆ, ಆ ಸೂಟಿನವನು ಇಲ್ಲಿಯವನಲ್ಲ ಎಂಬಷ್ಟೂ ಐದು ನಿಮಿಷದಲ್ಲಿ ನನಗೆ ತಿಳಿದುಹೋಯಿತು, ಒಂದು ಮಾತೂ ಅರ್ಥವಾಗದೆ.

ಮುಂದೆ ಸೇನೆ ಬಂದಾಗಲೂ ಹಾಗೆಯೇ. ವಿಜ್ಞಾನಿಯೊಬ್ಬ ಕೈಯೆತ್ತಿಕೊಂಡು ಸೈನಿಕನತ್ತ ಓಡುತ್ತಾನೆ, ಸೈನಿಕ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕಾಪಾಡಲು ಬಂದವರಲ್ಲ, ಬಾಯಿ ಮುಚ್ಚಿಸಲು ಬಂದವರು ಎಂದು ತಿಳಿಯಲು ಇನ್ನೇನು ಬೇಕು? ನಾಯಕ ನಿಮಿಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಮಾತನಾಡುವ ಆಟವಾಗಿದ್ದರೆ ಅಂದು ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದೆ. ಅವನೂ ನನ್ನ ಹಾಗೆ ಸುಮ್ಮನೆ ನೋಡುತ್ತಿದ್ದಾನೆ ಎಂಬ ಕಾರಣಕ್ಕೇ ಆ ಆಟ ನನ್ನದಾಯಿತು.

ಮಲ್ಲಿಗೆಮೊಗ್ಗು

ಬೆಳವಲ ಅವರ ಬರಹ ಓದಿ ತುಂಬ ಸಂತೋಷವಾಯಿತು. ನಮ್ಮ ತಮ್ಮನೂ ಅದೇ ಕಾಲದಲ್ಲಿ ಹೀಗೆಯೇ ಸಂಜೆಗಳನ್ನು ಕಳೆಯುತ್ತಿದ್ದ. ಅವನು ಅಲ್ಲಿ ಏನು ಕಾಣುತ್ತಿದ್ದನೆಂದು ಇಂದು ಅರ್ಥವಾಯಿತು.

ತುಂಗಾತೀರ ಅವರೇ, ತಾಯಿಯಾಗಿ ಒಂದು ಪ್ರಶ್ನೆ. ಹತ್ತನೆಯ ತರಗತಿಯ ಹುಡುಗನಿಗೆ ಈ ಆಟ ತಕ್ಕುದೇ? ನನ್ನ ಮಗನಿಗೂ ಹದಿನಾರು.

ತುಂಗಾತೀರ

ನಿಮ್ಮ ಪ್ರಶ್ನೆ ಸರಿಯಾದದ್ದು, ಅಕ್ಕಾವ್ರೇ. ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಅಮೆರಿಕದ ಇಎಸ್‌ಆರ್‌ಬಿ ಇದಕ್ಕೆ ಎಂ ದರ್ಜೆ ಕೊಟ್ಟಿದೆ, ಅಂದರೆ 17 ವರ್ಷ ಮತ್ತು ಮೇಲ್ಪಟ್ಟವರಿಗೆ. ರಕ್ತ ಇದೆ, ಸಾವು ಇದೆ. ಅಕ್ಕ-ಭಾವನನ್ನು ಕೇಳಿ, ನಾನು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ಆಡಬೇಕೆಂದು ಮಾತು ಮಾಡಿಕೊಂಡೇ ಕೊಟ್ಟಿದ್ದೇನೆ.

ಹಳೆಯ ಮೌಸ್

ರೇವನ್‌ಹೋಮ್ ಭಾಗ ಬಂದಾಗ ವಿಶೇಷವಾಗಿ ಜೊತೆಗಿರಿ. ಗಣಿ ಊರೊಂದು ರಾತ್ರೋರಾತ್ರಿ ಹಾಳುಬಿದ್ದಿದೆ. ತಲೆಗೆ ಹೆಡ್‌ಕ್ರಾಬ್ ಎಂಬ ಪರಾವಲಂಬಿ ಜೀವಿ ಅಂಟಿದ ಊರಿನವರೇ ಕತ್ತಲಿನಿಂದ ನರಳುತ್ತ ಬರುತ್ತಾರೆ. ಆ ನರಳಾಟದಲ್ಲಿ ಮನುಷ್ಯರ ದನಿ ಕೇಳುತ್ತದೆ. ನನಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲೂ ಅದನ್ನು ರಾತ್ರಿ ಆಡಲು ಧೈರ್ಯವಾಗಲಿಲ್ಲ.

ಕರಾವಳಿ ಕೋಡರ್

ಗೇಮ್ ತಯಾರಿಕೆಯ ಕೆಲಸದಲ್ಲಿ ಕೆಲವು ವರ್ಷಗಳಿಂದ ಇರುವವನಾದ್ದರಿಂದ, ಈ ಪದ್ಧತಿ ಹೇಗೆ ಹುಟ್ಟಿತೆಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೈಕ್ರೋಸಾಫ್ಟ್ ಬಿಟ್ಟುಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಕಟ್ಟಿದರು. ಇಡ್ ಸಾಫ್ಟ್‌ವೇರ್‌ನ ಕ್ವೇಕ್ ಎಂಜಿನ್‌ಗೆ (ಆಟವನ್ನು ನಡೆಸುವ ಮೂಲ ತಂತ್ರಾಂಶಕ್ಕೆ) ಪರವಾನಗಿ ಪಡೆದು, ಅದನ್ನು ಬಹಳಷ್ಟು ಬದಲಿಸಿಕೊಂಡು ಹಾಫ್-ಲೈಫ್ ಮಾಡಲು ಹೊರಟರು. 1997ರ ಕೊನೆಯ ಹೊತ್ತಿಗೆ ಆಟ ಬಿಡುಗಡೆಯಾಗಬೇಕಿತ್ತು. ಆದರೆ ಮಾಡಿದ್ದನ್ನು ತಾವೇ ಆಡಿ ನೋಡಿದಾಗ ಅದು ಬಿಡಿಬಿಡಿ ತುಣುಕುಗಳಾಗಿ ಕಂಡಿತು, ಆಡಿದವರನ್ನು ಹಿಡಿದು ನಿಲ್ಲಿಸುವ ಗುಣ ಇರಲಿಲ್ಲ. ಆಗ ಅವರು ಬಹುಪಾಲು ಕೆಲಸವನ್ನು ಬದಿಗೆ ಸರಿಸಿ, ತಮಗೆ ಹೊಳೆದ ಒಳ್ಳೆಯ ಕಲ್ಪನೆಗಳನ್ನೆಲ್ಲ ಒಂದೇ ಹಂತದೊಳಗೆ ತುಂಬಿ ನೋಡಿ, ಅದು ಚೆನ್ನಾಗಿ ಬಂದ ಮೇಲೆ ಇಡೀ ಆಟವನ್ನು ಅದೇ ಮಟ್ಟಕ್ಕೆ ಮತ್ತೆ ಕಟ್ಟಿದರು. ವಿವಿಧ ವಿಭಾಗಗಳ ಕೆಲವರು ಒಟ್ಟಿಗೆ ಕುಳಿತು ತೀರ್ಮಾನಿಸುವ ಕ್ರಮಕ್ಕೆ ಕಬಾಲ್ ಎಂದು ಹೆಸರಿಟ್ಟುಕೊಂಡಿದ್ದರು. ಆ ತಂಡದಲ್ಲಿದ್ದ ಕೆನ್ ಬರ್ಡ್‌ವೆಲ್ ಇದರ ಬಗ್ಗೆ ಬರೆದ ಲೇಖನವನ್ನು ನಮ್ಮ ಕ್ಷೇತ್ರದಲ್ಲಿ ಇಂದಿಗೂ ಓದಿಸುತ್ತಾರೆ.

ಅದರಲ್ಲಿ ಎರಡು ಮಾತು ಈ ಚರ್ಚೆಗೆ ಬೇಕಾದವು. ಒಂದು, ಘಟನೆಗಳನ್ನು ಗಡಿಯಾರಕ್ಕೆ ಕಟ್ಟದೆ ಆಟಗಾರ ನಡೆದ ದೂರಕ್ಕೆ ಕಟ್ಟಿದರು. ನೀವು ನಿಂತರೆ ಜಗತ್ತು ನಿಮಗಾಗಿ ಕಾಯುತ್ತದೆ, ನಡೆದರೆ ಮುಂದಿನದು ನಡೆಯುತ್ತದೆ. ಎರಡು, ಆಟಗಾರ ಏನೇ ಮಾಡಿದರೂ ಜಗತ್ತು ಅದನ್ನು ಗಮನಿಸಿದೆ ಎಂದು ತೋರಿಸಬೇಕು. ಗೋಡೆಗೆ ಗುಂಡು ಹೊಡೆದರೆ ಗುರುತು ಬೀಳಬೇಕು, ಕಾವಲುಗಾರನ ಎದುರಿಗೆ ಹೋದರೆ ಅವನು ಮಾತನಾಡಿಸಬೇಕು. ಗಾರ್ಡನ್‌ಗೆ ಬಾಯಿಲ್ಲ ನಿಜ, ಆದರೆ ನಾವು ಮಾಡಿದ ಪ್ರತಿಯೊಂದಕ್ಕೂ ಎದುರಿನಿಂದ ಉತ್ತರ ಬರುತ್ತದೆ.

ಉದಾಹರಣೆಗೆ ಊಟದ ಕೋಣೆಯ ಮೈಕ್ರೋವೇವ್. ಮೊದಲ ಆಟದ ಆರಂಭದಲ್ಲಿ, ಅನಾಹುತಕ್ಕೆ ಮುಂಚೆ, ಅದರ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಯಾರದೋ ಊಟ ಒಳಗೇ ಸಿಡಿದುಹೋಗುತ್ತದೆ, ಪಕ್ಕದಲ್ಲಿದ್ದ ವಿಜ್ಞಾನಿ ಗದರುತ್ತಾನೆ. ಒಂಬತ್ತು ವರ್ಷದ ಮೇಲೆ, ಎರಡನೆಯ ಆಟದ ಮುಂದಿನ ಕಂತಾದ 2007ರ ಎಪಿಸೋಡ್ ಟೂನಲ್ಲಿ, ಡಾಕ್ಟರ್ ಮ್ಯಾಗ್ನಸನ್ ತಮ್ಮ ಊಟ ಹಾಳಾದ ಆ ದಿನವನ್ನು ಗಾರ್ಡನ್‌ಗೆ ನೆನಪಿಸುತ್ತಾರೆ. ನನ್ನ ತುಂಟತನವನ್ನು ಯಾರೋ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದರು ಎಂದು ಅಂದು ನನಗಾದ ಸಂತೋಷ ಹೇಳತೀರದು.

ನೀಲಿಪರದೆ

ಬಹಳ ಉಪಯುಕ್ತ ಬರಹ. ಒಂದು ಸಣ್ಣ ಸೇರ್ಪಡೆ: ಗಾರ್ಡನ್ ಮಾತನಾಡುವುದಿಲ್ಲ, ಆದರೆ ಅವನು ತೊಟ್ಟ ಎಚ್‌ಇವಿ ಎಂಬ ರಕ್ಷಾ ಉಡುಪು ಮಾತನಾಡುತ್ತದೆ. ಗಾಯವಾದರೆ, ವಿಕಿರಣ ಹೆಚ್ಚಾದರೆ, ಜೀವ ಕ್ಷೀಣಿಸಿದರೆ ಅದು ಶಾಂತವಾದ ದನಿಯಲ್ಲಿ ತಿಳಿಸುತ್ತದೆ. ನೋವಿನ ಮಾತನ್ನು ಯಂತ್ರದ ಬಾಯಿಗೆ ಕೊಟ್ಟು, ನೋವನ್ನು ನಮಗೆ ಬಿಟ್ಟಿದ್ದಾರೆ.

ಕಲ್ಲುಬೆಂಚು

ಕರಾವಳಿ ಕೋಡರ್ ಅವರೇ, ನೀವು ಹೇಳಿದ್ದೆಲ್ಲ ಮೊದಲ ಆಟಕ್ಕೆ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ. ಅಲ್ಲಿ ಗಾರ್ಡನ್ ಒಂಟಿ. ಎದುರಾಗುವ ವಿಜ್ಞಾನಿಗಳಿಗೂ ಕಾವಲುಗಾರರಿಗೂ ಹೆಸರೇ ಇಲ್ಲ, ಅವರೊಂದಿಗೆ ಸಂಬಂಧ ಬೆಳೆಯುವ ಹಾಗೂ ಇಲ್ಲ. ಜೀವ ಉಳಿಸಿಕೊಳ್ಳಲು ಓಡುವವನಿಗೆ ಮಾತು ಬೇಡ.

ಎರಡನೆಯ ಆಟದ ಸ್ವರೂಪವೇ ಬೇರೆ. ಅಲ್ಲಿ ವಿಜ್ಞಾನಿ ಈಲೈ ವ್ಯಾನ್ಸ್‌ನ ಮಗಳಾದ ಅಲಿಕ್ಸ್ ತಾನೇ ಬಂದು ಗಾರ್ಡನ್‌ನ ಪರಿಚಯ ಮಾಡಿಕೊಳ್ಳುತ್ತಾಳೆ, ಇವನನ್ನು ನಂಬುತ್ತಾಳೆ, ಹತ್ತಿರವಾಗುತ್ತಾಳೆ. ಪಾತ್ರಗಳ ಮುಖದ ಸ್ನಾಯುಗಳ ಚಲನೆಯನ್ನು ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಅವರ ಅಧ್ಯಯನದ ಆಧಾರದಲ್ಲಿ ರೂಪಿಸಿ, ಹುಬ್ಬೇರಿಸುವುದರಿಂದ ತುಟಿ ಕಚ್ಚುವವರೆಗೆ ಎಲ್ಲವನ್ನೂ ತೋರಿಸಿದರು. ಅಂಥ ಮುಖವೊಂದು ಒಂದು ಮೊಳ ದೂರದಿಂದ ನನ್ನನ್ನೇ ದಿಟ್ಟಿಸಿ ಮಾತನಾಡುವಾಗ, ಮರುಮಾತಿಲ್ಲದೆ ನಿಲ್ಲುವುದು ಮನುಷ್ಯರು ಮಾಡುವ ಕೆಲಸವಲ್ಲ. ಎದುರಿನ ಪಾತ್ರಗಳನ್ನು ಇಷ್ಟು ಬೆಳೆಸಿದ ಮೇಲೆ ನಾಯಕನನ್ನೂ ಬೆಳೆಸಬೇಕಿತ್ತು. 2020ರ ಹಾಫ್-ಲೈಫ್: ಅಲಿಕ್ಸ್‌ನಲ್ಲಿ ನಾವು ಆಡುವ ಅಲಿಕ್ಸ್ ಧಾರಾಳವಾಗಿ ಮಾತನಾಡುತ್ತಾಳೆ. ವಾಲ್ವ್‌ನವರೇ ಪಾಠ ಕಲಿತರೆಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ರಾತ್ರಿಪಾಳಿ

ಎರಡನೆಯ ಆಟದ ಕೊನೆಯ ಭಾಗವನ್ನು ನೀವು ಮರೆತಿದ್ದೀರಿ. ಇನ್ನೂ ಆಡದವರು ಮುಂದಿನ ಸಾಲುಗಳನ್ನು ಬಿಟ್ಟು ಓದಬೇಕಾಗಿ ವಿನಂತಿ.

ಕಂಬೈನ್‌ಗಳ ಕೋಟೆಯಾದ ಸಿಟಾಡೆಲ್‌ನೊಳಗೆ, ಅವರ ಪರವಾಗಿ ಭೂಮಿಯನ್ನು ಆಳುವ ವ್ಯಾಲೆಸ್ ಬ್ರೀನ್ ನೇರವಾಗಿ ಗಾರ್ಡನ್‌ಗೆ ಒಂದು ಪ್ರಶ್ನೆ ಹಾಕುತ್ತಾನೆ. ನೀನು ಇಷ್ಟೊಂದನ್ನು ನಾಶ ಮಾಡಿದೆ, ನೀನು ಸೃಷ್ಟಿಸಿದ್ದು ಏನಾದರೂ ಇದೆಯೇ, ಒಂದನ್ನಾದರೂ ಹೆಸರಿಸು ಎಂಬುದು ಅದರ ಸಾರ. ಕ್ಷಣಕಾಲ ಸುಮ್ಮನಿದ್ದು, ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು ಎಂಬ ಧಾಟಿಯಲ್ಲಿ ಮುಂದುವರಿಯುತ್ತಾನೆ. ಆ ಕ್ಷಣದಲ್ಲಿ ಉತ್ತರಕ್ಕೆ ತಡಕಾಡಿದವನು ನಾನು. ಹನ್ನೆರಡು ಗಂಟೆ ಗುಂಡು ಹಾರಿಸುತ್ತ ಬಂದವನಿಗೆ ನಿಜವಾಗಿಯೂ ಒಂದು ಹೆಸರೂ ಹೊಳೆಯಲಿಲ್ಲ. ಗಾರ್ಡನ್ ಅಲ್ಲಿ ಒಂದು ದಿಟ್ಟ ಮಾತನ್ನು ಆಡಿಬಿಟ್ಟಿದ್ದರೆ ನಾನು ಆ ಪ್ರಶ್ನೆಯಿಂದ ಸುಲಭವಾಗಿ ಪಾರಾಗುತ್ತಿದ್ದೆ.

ಮೊದಲ ಆಟದ ಕೊನೆಯಲ್ಲಿಯೂ ಅಷ್ಟೇ. ಟ್ರಾಮಿನಲ್ಲಿ ಕಂಡ ಆ ಸೂಟಿನವನು, ಜಿ-ಮ್ಯಾನ್, ಕೆಲಸದ ಆಹ್ವಾನ ಕೊಟ್ಟಾಗ ನಾವು ಬೆಳಕಿನ ಬಾಗಿಲಿನೊಳಕ್ಕೆ ಹೆಜ್ಜೆ ಇಡಬಹುದು, ಇಲ್ಲವೇ ಇದ್ದಲ್ಲೇ ಇರಬಹುದು. ಅಲ್ಲಿ ಉತ್ತರವನ್ನು ಕಾಲಿನಿಂದ ಕೊಡಬೇಕು.

ಕಲ್ಲುಬೆಂಚು

ಬ್ರೀನ್‌ನ ದೃಶ್ಯ ಚೆನ್ನಾಗಿದೆ ಎಂದು ಒಪ್ಪುತ್ತೇನೆ. ಅಲಿಕ್ಸ್‌ನ ವಿಷಯದಲ್ಲಿ ನಿಮ್ಮ ಉತ್ತರ ಬರಲಿಲ್ಲ.

ಭೌತವಿಜ್ಞಾನ ಮೇಡಂ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆಟಗಳ ಬಗ್ಗೆ ನಿಮ್ಮಷ್ಟು ತಿಳಿದವಳಲ್ಲ, ಆದರೆ ಈ ಒಂದು ಆಟವನ್ನು ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಆಡಿ ಮುಗಿಸಿದ್ದೇನೆ.

ದ್ವಿತೀಯ ಪಿಯುವಿನಲ್ಲಿ ವಿಕಿರಣ ಕ್ಷಯದ ಪಾಠ ಮಾಡುವಾಗ ಬೋರ್ಡಿನ ಮೇಲೆ ಲ್ಯಾಂಬ್ಡಾ ಅಕ್ಷರ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಮೇಡಂ, ಇದು ಗಾರ್ಡನ್ ಫ್ರೀಮನ್ ಎದೆಯ ಮೇಲಿನ ಗುರುತು" ಎಂದ. ಹಾಫ್-ಲೈಫ್ ಎಂದರೆ ನಮ್ಮ ಅರ್ಧಾಯು, ಒಂದು ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ತಗಲುವ ಕಾಲ. ಲ್ಯಾಂಬ್ಡಾ ಎಂದರೆ ಕ್ಷಯ ಸ್ಥಿರಾಂಕ. 0.693ನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಅರ್ಧಾಯು ಸಿಗುತ್ತದೆ. ಆ ವರ್ಷ ನನ್ನ ತರಗತಿಯಲ್ಲಿ ಆ ಸೂತ್ರವನ್ನು ಯಾರೂ ಮರೆಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎರಡನೆಯ ಆಟದ ಕಾಲುವೆಯ ಭಾಗದಲ್ಲಿ ಒಂದು ಏರುಪೇರಿನ ಹಲಗೆ ಇದೆ. ಒಂದು ತುದಿಯ ಮೇಲೆ ಸಿಮೆಂಟ್ ಇಟ್ಟಿಗೆಗಳನ್ನು ಒಂದೊಂದಾಗಿ ಇಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ, ಅದರ ಮೇಲೆ ನಡೆದು ಆಚೆ ಹಾರಬೇಕು. ಸನ್ನೆಯ ತತ್ವವೇ ಅಲ್ಲಿನ ಬೀಗದ ಕೈ. ನಾನು ಎರಡು ಇಟ್ಟಿಗೆ ಇಟ್ಟು ಹತ್ತಿದೆ, ಹಲಗೆ ನನ್ನ ಭಾರಕ್ಕೆ ಕುಸಿಯಿತು. ಮತ್ತೆರಡು ಇಟ್ಟೆ. ಆ ಹೊತ್ತಿನಲ್ಲಿ ಯಾವ ಪಾತ್ರವೂ ಬಂದು "ಇನ್ನೂ ಭಾರ ಬೇಕು" ಎಂದು ಹೇಳಲಿಲ್ಲ, ಗಾರ್ಡನ್ ತನ್ನಷ್ಟಕ್ಕೆ ಗೊಣಗಲಿಲ್ಲ. ಈಚಿನ ಅನೇಕ ಆಟಗಳಲ್ಲಿ ನಾಯಕ ತಾನೇ ಸುಳಿವು ಹೇಳಿಬಿಡುತ್ತಾನೆಂದು ನನ್ನ ವಿದ್ಯಾರ್ಥಿಗಳು ದೂರುತ್ತಾರೆ. ಕಲಿಸುವವಳಾಗಿ ಹೇಳುತ್ತೇನೆ, ಹುಡುಗ ಯೋಚಿಸುತ್ತಿರುವಾಗ ಬಾಯಿಮುಚ್ಚಿಕೊಂಡು ನಿಲ್ಲುವುದೇ ನಮಗೆ ಅತ್ಯಂತ ಕಷ್ಟದ ಕೆಲಸ. ಈ ಆಟಕ್ಕೆ ಅದು ಸಾಧಿಸಿದೆ.

ಹಳೆಯ ಮೌಸ್

ಮೇಡಂ, ಗಾರ್ಡನ್‌ಗೆ ಸಿಗಬೇಕಿದ್ದ ಗುರು ನೀವೇ.

ಸ್ಟಟ್‌ಗಾರ್ಟ್ ಕನ್ನಡಿಗ

ಎರಡನೆಯ ಆಟ ಶುರುವಾಗುವ ನಗರವಾದ ಸಿಟಿ 17ರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಹುಡುಗ ನಿರಾಶನಾಗಿದ್ದು ಆ ನಗರದ ರೈಲು ನಿಲ್ದಾಣದಲ್ಲೇ ತಾನೆ?

ಆ ನಗರವನ್ನು ರೂಪಿಸಿದ ಕಲಾ ನಿರ್ದೇಶಕ ವಿಕ್ಟರ್ ಆಂಟನೋವ್ ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿದವರು, 2025ರಲ್ಲಿ ತೀರಿಕೊಂಡರು. ಕೆಲಸದ ನಿಮಿತ್ತ ಎರಡು ಸಲ ಸೋಫಿಯಾಕ್ಕೆ ಹೋಗಿದ್ದೆ. ಹಳೆಯ ಯುರೋಪಿನ ಗಾರೆ ಕಟ್ಟಡಗಳು, ಅವುಗಳ ಬೆನ್ನಿಗೇ ಎದ್ದ ಕಮ್ಯುನಿಸ್ಟ್ ಕಾಲದ ಕಾಂಕ್ರೀಟ್ ವಸತಿಗಳು, ತಲೆಯ ಮೇಲೆ ಟ್ರಾಮಿನ ತಂತಿಗಳು. ಈ ಎರಡು ಪದರಗಳ ಮೇಲೆ ಮೂರನೆಯದಾಗಿ ಕಂಬೈನ್‌ಗಳ ನೀಲಿಗಪ್ಪು ಲೋಹವನ್ನು ಆಂಟನೋವ್ ಕೂರಿಸಿದರು. ಒಬ್ಬರ ಮೇಲೊಬ್ಬರು ಆಳಿಹೋದ ಊರು ಹೇಗಿರುತ್ತದೆಂದು ಆ ಗೋಡೆಗಳೇ ಹೇಳುತ್ತವೆ.

ನಿಲ್ದಾಣದಿಂದ ಹೊರಬಂದ ಮೇಲೆ ಒಂದು ಮಕ್ಕಳ ಆಟದ ಅಂಗಳ ಸಿಗುತ್ತದೆ. ಆಟದ ಸಲಕರಣೆಗಳಿವೆ, ಮಕ್ಕಳಿಲ್ಲ. ಇಡೀ ಆಟದಲ್ಲಿ ಒಂದು ಮಗುವೂ ಕಾಣುವುದಿಲ್ಲ. ಕಂಬೈನ್‌ಗಳು ಮನುಷ್ಯರ ಸಂತಾನಶಕ್ತಿಯನ್ನೇ ತಡೆಹಿಡಿದಿದ್ದಾರೆ ಎಂಬುದು ಬ್ರೀನ್‌ನ ಭಾಷಣಗಳನ್ನು ನಿಂತು ಕೇಳಿದವರಿಗೆ ತಿಳಿಯುತ್ತದೆ. ಕೇಳದವರಿಗೂ ಆ ಅಂಗಳದಲ್ಲಿ ಏನೋ ತಪ್ಪಿದೆ ಎಂದು ಅನ್ನಿಸದೆ ಇರದು. ಗಾರ್ಡನ್ ಅಲ್ಲಿ ನಿಂತು "ಮಕ್ಕಳೆಲ್ಲಿ?" ಎಂದು ಕೇಳಿದ್ದರೆ ಆ ಜಾಗ ಅಷ್ಟಕ್ಕೇ ಮುಗಿದುಹೋಗುತ್ತಿತ್ತು.

ನೀಲಿಪರದೆ

ಇದೇ ಸಂದರ್ಭದಲ್ಲಿ ಮೊದಲ ಆಟದ ಕೊನೆಯ ಭಾಗವಾದ ಝೆನ್ ಎಂಬ ಅನ್ಯಲೋಕದ ಬಗ್ಗೆಯೂ ಹೇಳಬೇಕು. ಅಲ್ಲಿ ನೋಡಿ ತಿಳಿಯುವಂಥದ್ದು ಬಹಳ ಕಡಿಮೆ, ತೇಲುವ ಬಂಡೆಯಿಂದ ಬಂಡೆಗೆ ಹಾರುವುದೇ ಹೆಚ್ಚು. ಮೌನ ಅಲ್ಲಿ ಬರಿದಾಗಿಬಿಟ್ಟಿದೆ. ಕ್ರೋಬಾರ್ ಕಲೆಕ್ಟಿವ್ ಎಂಬ ಅಭಿಮಾನಿಗಳ ತಂಡ ವರ್ಷಗಟ್ಟಲೆ ದುಡಿದು, 2020ರಲ್ಲಿ ಪೂರ್ಣಗೊಳಿಸಿದ ಮೊದಲ ಆಟದ ಮರುಸೃಷ್ಟಿಯಾದ ಬ್ಲ್ಯಾಕ್ ಮೇಸಾ ಆವೃತ್ತಿಯಲ್ಲಿ ಝೆನ್ ಅನ್ನು ಹೊಸದಾಗಿ ಕಟ್ಟಿದೆ. ವೊರ್ಟಿಗಾಂಟ್ ಎಂಬ ಅನ್ಯಲೋಕದ ಜೀವಿಗಳು ಗುಲಾಮರಾಗಿ ದುಡಿಯುವ ದೃಶ್ಯಗಳು ಅಲ್ಲಿ ಮನಮುಟ್ಟುವಂತಿವೆ.

ಹಳೆಯ ಮೌಸ್

ಮನಮುಟ್ಟುತ್ತವೆ, ಆದರೆ ತೀರ ಉದ್ದವಾಗಿವೆ. ಮೂಲದ ಝೆನ್ ಚಿಕ್ಕದಾಗಿದ್ದುದೇ ವಾಸಿ.

ನೀಲಿಪರದೆ

ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ, ಆದರೆ ಅದಕ್ಕೆ ಬೇರೆ ಎಳೆ ತೆರೆಯೋಣ.

ಬೆಳವಲ

ಕಲ್ಲುಬೆಂಚು ಅವರ ಅಲಿಕ್ಸ್ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಇಲ್ಲಿಯೂ ಕಥೆಯ ಅಂತ್ಯ ಬರುತ್ತದೆ, ಎಚ್ಚರಿಕೆ.

ಎಪಿಸೋಡ್ ಟೂನ ಕೊನೆಯಲ್ಲಿ ಕಂಬೈನ್‌ಗಳ ಮೇಲಧಿಕಾರಿ ಜೀವಿಯಾದ ಅಡ್ವೈಸರ್ ಒಂದು ನಮ್ಮನ್ನು ಗೋಡೆಗೆ ಒತ್ತಿಹಿಡಿದು, ಕಣ್ಣೆದುರೇ ಈಲೈ ವ್ಯಾನ್ಸ್‌ನನ್ನು ಕೊಲ್ಲುತ್ತದೆ. ಆಮೇಲೆ ಅಲಿಕ್ಸ್ ತಂದೆಯ ಮೇಲೆ ಬಿದ್ದು ಅಳುತ್ತಾಳೆ, ಪರದೆ ಕಪ್ಪಾಗುತ್ತದೆ, ಅಳು ಮಾತ್ರ ಕೇಳುತ್ತದೆ. ನನ್ನ ತಂದೆ ತೀರಿಕೊಂಡ ಮರುವರ್ಷ ಅದನ್ನು ಆಡಿದೆ. ನಮ್ಮ ಮನೆಗೆ ಬಂದವರಲ್ಲಿ ಸಮಾಧಾನ ಹೇಳಿದವರ ಮಾತು ಒಂದೂ ನೆನಪಿಲ್ಲ. ಅಂಗಳದ ಕಂಬಕ್ಕೆ ಒರಗಿ ಏನೂ ಹೇಳದೆ ಸಂಜೆಯವರೆಗೆ ಕುಳಿತಿದ್ದ ಚಿಕ್ಕಪ್ಪ ನೆನಪಿದ್ದಾರೆ. ಅಲಿಕ್ಸ್ ಅಳುವಾಗ ಗಾರ್ಡನ್ ಸುಮ್ಮನಿದ್ದುದು ನನಗೆ ಹಾಗೆ ಕಂಡಿತು.

ಕಲ್ಲುಬೆಂಚು

ಬೆಳವಲ ಅವರೇ, ನಿಮ್ಮ ಮಾತಿಗೆ ಎದುರು ಹೇಳುವ ಮನಸ್ಸಿಲ್ಲ. ಆ ದೃಶ್ಯದ ಮಟ್ಟಿಗೆ ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಸಿಟ್ಟು ಉಳಿದಿರುವುದು ಆ ಅಳುವನ್ನು ಅಲ್ಲಿಗೇ ಬಿಟ್ಟು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಥೆಯನ್ನು ಮುಂದುವರಿಸದಿದ್ದುದರ ಮೇಲೆ.

ಕರಾವಳಿ ಕೋಡರ್

ಆ ಸಿಟ್ಟು ನಮ್ಮೆಲ್ಲರದೂ ಹೌದು. 20ನೆಯ ವರ್ಷದ ಸಾಕ್ಷ್ಯಚಿತ್ರದಲ್ಲಿ, ಬಿಡುಗಡೆಯಾಗದೆ ಉಳಿದ ಎಪಿಸೋಡ್ ತ್ರೀಗಾಗಿ ಮಾಡಿದ್ದ ಮಂಜುಗಡ್ಡೆಯ ಬಂದೂಕಿನ ತುಣುಕುಗಳನ್ನು ತೋರಿಸಿದ್ದಾರೆ. ಕಥೆಯನ್ನು ಮುಂದೆ ಸಾಗಿಸುವುದಕ್ಕಷ್ಟೇ ಒಂದು ಆಟ ಮಾಡುವುದು ಆಟಗಾರರ ಬಗೆಗಿನ ಹೊಣೆಯಿಂದ ನುಣುಚಿಕೊಂಡಂತೆ ಎಂಬ ಅಭಿಪ್ರಾಯವನ್ನು ನ್ಯೂವೆಲ್ ಅದರಲ್ಲಿ ಹೇಳುತ್ತಾರೆ. ಮೊದಲಿನಿಂದ ಕಥೆ ಬರೆದ ಮಾರ್ಕ್ ಲೇಡ್ಲಾ 2016ರಲ್ಲಿ ಸಂಸ್ಥೆ ಬಿಟ್ಟು, ಮರುವರ್ಷ ಮುಂದಿನ ಕಥೆಯನ್ನು ಹೆಸರುಗಳನ್ನು ಬದಲಿಸಿ ಪತ್ರದ ರೂಪದಲ್ಲಿ ತಮ್ಮ ತಾಣದಲ್ಲಿ ಪ್ರಕಟಿಸಿದರು. ಆ ಪತ್ರದಲ್ಲಿ ಮಾತನಾಡುವವನು ಗಾರ್ಡನ್ನೇ. ಅವನ ದನಿ ನಮಗೆ ಕೇಳಿಸಿದ್ದು ಅಲ್ಲೊಂದೇ ಕಡೆ, ಅದೂ ಆಟದ ಹೊರಗೆ.

ತುಂಗಾತೀರ

ನಿಮ್ಮೆಲ್ಲರ ಬರಹಗಳನ್ನು ಎರಡೆರಡು ಸಲ ಓದಿದೆ. ಹುಡುಗನಿಗೆ ಇದ್ಯಾವುದನ್ನೂ ಹೇಳಲಿಲ್ಲ. ಮೇಡಂ ಅವರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಿನ್ನೆ ರಾತ್ರಿ ಊಟವಾದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಲು ಹೇಳಿ ಪಕ್ಕದಲ್ಲಿ ಸುಮ್ಮನೆ ಕುಳಿತೆ.

ನಿಲ್ದಾಣದಲ್ಲಿ ಪೊಲೀಸಿನವನು ಡಬ್ಬಿಯನ್ನು ನೆಲಕ್ಕೆ ತಳ್ಳಿ ಎತ್ತಿ ಕಸದ ಬುಟ್ಟಿಗೆ ಹಾಕೆಂದಾಗ, ಇವನು ಎತ್ತಿ ಅವನ ಮುಖಕ್ಕೇ ಎಸೆದು ಲಾಠಿ ಏಟು ತಿಂದ. ಕಳೆದ ಸಲ ಹೇಳಿದ ಹಾಗೆ ಬುಟ್ಟಿಗೆ ಹಾಕಿ ಹೋಗಿದ್ದನಂತೆ. ಆದರೆ ನಾನು ಬರೆಯಬೇಕೆಂದದ್ದು ಅದಲ್ಲ. ಡಬ್ಬಿಗೂ ಮುಂಚೆ, ತಂತಿಬೇಲಿಯ ಆಚೆ ಒಬ್ಬ ಹೆಂಗಸು ನಿಂತಿರುತ್ತಾಳೆ. ಆ ರೈಲಿನಲ್ಲಿ ಬಂದವರು ನೀವಷ್ಟೇನಾ ಎಂದು ಕೇಳುತ್ತಾಳೆ. ಗಂಡನನ್ನು ದಾರಿಯಲ್ಲಿ ಇಳಿಸಿಕೊಂಡು ಹೋ‌ದರು, ಮುಂದಿನ ರೈಲಿಗೆ ಕಳಿಸುತ್ತೇವೆಂದರು, ಅದು ಯಾವಾಗ ಹೇಳಿದ್ದೆಂದು ತನಗೇ ಸರಿಯಾಗಿ ನೆನಪಿಲ್ಲ, ಆದರೂ ಕಾಯಲು ಬಿಟ್ಟಿದ್ದಾರಲ್ಲ ಎನ್ನುತ್ತಾಳೆ. ಹುಡುಗ ಅವಳನ್ನು ದಾಟಿ ಗೇಟಿನವರೆಗೆ ಹೋದವನು, ತಿರುಗಿ ಬಂದ. ಬೇಲಿಯ ಹತ್ತಿರ ನಿಂತು ಕೀಬೋರ್ಡಿನ ಒಂದೊಂದೇ ಗುಂಡಿಯನ್ನು ಒತ್ತಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಮಾವ, ಇವಳಿಗೆ ಉತ್ತರ ಹೇಳೋಕೆ ಯಾವ ಬಟನ್ ಒತ್ತಬೇಕು?" ಎಂದ.

ಇಲ್ಲ ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಕಲ್ಲುಬೆಂಚು

ನನ್ನ ದೂರು ಇಷ್ಟು ದಿನವೂ ಇದೇ ಆಗಿತ್ತು. ಆ ಬಟನ್ ಇರಬೇಕಿತ್ತು.

ರಾತ್ರಿಪಾಳಿ

ಇದ್ದಿದ್ದರೆ ಒತ್ತಿ ಮುಂದೆ ಹೋಗಿಬಿಡುತ್ತಿದ್ದ, ಕಲ್ಲುಬೆಂಚು ಅವರೇ. ಗೇಟಿನಿಂದ ತಿರುಗಿ ಬರುತ್ತಿರಲಿಲ್ಲ.

ಮಲ್ಲಿಗೆಮೊಗ್ಗು

ಆ ಹೆಂಗಸಿನ ಗಂಡ ಮುಂದೆ ಎಲ್ಲಾದರೂ ಸಿಗುತ್ತಾನೆಯೇ?

ತುಂಗಾತೀರ

ಇಲ್ಲ, ಅಕ್ಕಾವ್ರೇ. ಹುಡುಗನೂ ಅದನ್ನೇ ಕೇಳಿದ. ಆಡಿ ನೋಡು ಎಂದಿದ್ದೇನೆ. ಇವತ್ತು ಸಂಜೆ ಕಾಲುವೆಯ ಭಾಗ.